ಹವಳದ ಮೇಲೆ ಕೂತ ಊರು

ಕರಿಮಣಿ ಸರದಲ್ಲಿ ಎರಡು ಹವಳ ಪೋಣಿಸಿಕೊಳ್ಳುತ್ತೇವಲ್ಲ ಸೋದರಿಯರೇ, ಆ ಹವಳ ಹುಟ್ಟೋದು ಹೇಗೆ ಅಂತ ಎಂದಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿದವಳಲ್ಲ. ಪೀಣ್ಯದಲ್ಲಿ ನಮ್ಮವರ ಲೇತ್ ಶೆಡ್ಡು, ಅದರ ಹಿಂದೆಯೇ ಮನೆ. ಇಪ್ಪತ್ತಾರು ವರ್ಷದಿಂದ ಕಬ್ಬಿಣದ ಸದ್ದು, ಟ್ಯಾಂಕರ್ ನೀರಿನ ಚಿಂತೆ, ಇಷ್ಟೇ ನನ್ನ ಪ್ರಪಂಚ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿರುವ ಮಗಳು "ಅಮ್ಮಾ, ಈ ಸಲ ನಿನ್ನನ್ನ ಲಕ್ಷದ್ವೀಪಕ್ಕೆ ಕರ್ಕೊಂಡು ಹೋಗ್ತೀನಿ" ಅಂದಾಗ ಎದೆ ಧಸಕ್ಕೆಂದಿತು. ಎಂಟು ವರ್ಷದವಳಿದ್ದಾಗ ಊರಿನ ಕಲ್ಯಾಣಿಯಲ್ಲಿ ಕಾಲು ಜಾರಿ ಮುಳುಗಿ ಬದುಕಿದವಳು ನಾನು. ಅಂದಿನಿಂದ ಮಂಡಿಗಿಂತ ಮೇಲಿನ ನೀರಿಗೆ ಇಳಿದವಳಲ್ಲ.

ಅಂತೂ ಹೊರಟೆವು. ಬೆಂಗಳೂರಿನಿಂದ ಅಗತ್ತಿ ದ್ವೀಪಕ್ಕೆ 2024ರಲ್ಲಿ ನೇರ ವಿಮಾನ ಶುರುವಾಯಿತು. ನಮಗೆ ಅದರಲ್ಲಿ ಸೀಟು ಸಿಗದೆ ಕೊಚ್ಚಿ ಸುತ್ತಿಕೊಂಡು ಹೋದೆವು. ಅಲ್ಲಿಂದ ಸಣ್ಣ ವಿಮಾನದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ಇಳಿಯುವಾಗ ಕಿಟಕಿಯಿಂದ ನೋಡಿದರೆ ಎರಡೂ ಕಡೆ ಸಮುದ್ರ, ನಡುವೆ ಒಂದು ಪಟ್ಟಿ ನೆಲ. ಅಗತ್ತಿಯ ಉದ್ದ ಏಳು ಕಿಲೋಮೀಟರಿನ ಆಸುಪಾಸು, ಅಗಲ ಹೆಚ್ಚೆಂದರೆ ಒಂದು. ಲಕ್ಷದ್ವೀಪದ 36 ದ್ವೀಪಗಳ ನೆಲವನ್ನೆಲ್ಲ ಕೂಡಿಸಿದರೂ 32 ಚದರ ಕಿಲೋಮೀಟರು. ಜನ ಇರೋದು 10 ದ್ವೀಪಗಳಲ್ಲಿ ಮಾತ್ರ.

ಇದು ನಮಗೆ ಪೂರಾ ಪರಕೀಯ ಊರೇನಲ್ಲ, ನೋಡಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದ ತೆಂಗು, ನಾರಿನ ಹುರಿ ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬರುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಮಗಳು ಕಣ್ಣಿಗೆ ಗಾಜಿನ ಕನ್ನಡಕ, ಬಾಯಿಗೆ ಕೊಳವೆ ಕಟ್ಟಿದಳು. ಅಲ್ಲಿನ ಹುಡುಗ ಕೈ ಹಿಡಿದುಕೊಂಡ. ಲಗೂನು ಅಂದರೆ ಹವಳದ ಗೋಡೆಯೊಳಗಿನ ತಿಳಿನೀರು, ಎದೆಮಟ್ಟವೂ ಇರಲಿಲ್ಲ. ಆದರೂ ಮೂರು ಸಲ ತಲೆ ಎತ್ತಿ ಎದ್ದುನಿಂತೆ. ನಾಲ್ಕನೆಯ ಸಲ ಮುಖ ಮುಳುಗಿಸಿದೆನಲ್ಲ, ಏನು ಹೇಳಲಿ! ಕೆಳಗೆ ಒಂದು ಆಮೆ, ತಟ್ಟೆಯಗಲದ್ದು, ನಿಧಾನವಾಗಿ ಹುಲ್ಲು ಮೇಯುತ್ತಿತ್ತು. ಹಳದಿ ಪಟ್ಟೆಯ ಮೀನುಗಳು. ಗಿಳಿಯ ಕೊಕ್ಕಿನ ಮೀನೊಂದು ಹವಳವನ್ನು ಕರಕರ ಕಡಿಯುವುದು ನೀರೊಳಗೆ ಕಿವಿಗೇ ಕೇಳುತ್ತಿತ್ತು. ಅದು ಕಡಿದು ಹಿಂದೆ ಬಿಡುವ ಪುಡಿಯೂ ಸೇರಿಯೇ ದಡದ ಬಿಳಿ ಮರಳಾಗೋದಂತೆ! ಅದರ ಮೇಲೆ ನಾವು ಚಾಪೆ ಹಾಸಿ ಕೂರೋದು.

ಆಗಲೇ ತಿಳಿದದ್ದು, ನಮ್ಮ ತಾಳಿಯ ಕೆಂಪು ಹವಳ ಇದಲ್ಲ. ಅದರ ಬಳಗ ಬೇರೆ, ಬಹುಕಾಲದಿಂದ ಮೆಡಿಟರೇನಿಯನ್ ಸಮುದ್ರದಿಂದ ಬಂದದ್ದು. ಇಲ್ಲಿನದು ಕಂದು, ಸಾಸಿವೆ, ನೀಲಿಛಾಯೆ. ಕಲ್ಲೆಂದುಕೊಂಡಿದ್ದೆ, ಅದು ಜೀವ! ಅಕ್ಕಿಕಾಳಿನಂಥ ಪುಟ್ಟ ಪುಟ್ಟ ಪ್ರಾಣಿಗಳು ಸುಣ್ಣದ ಗೂಡು ಕಟ್ಟಿಕೊಂಡು ಒತ್ತೊತ್ತಾಗಿ ಬದುಕುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ಬಾಡಿಗೆಗಿದೆ. ಬಿಸಿಲಿನಲ್ಲಿ ಅಡುಗೆ ಮಾಡಿ ಬಡಿಸೋದು ಅದೇ, ಬಣ್ಣ ಕೊಡೋದೂ ಅದೇ. ಬಹುಕಾಲದ ಹಿಂದೆ ಮುಳುಗಿದ ಬೆಟ್ಟದ ಸುತ್ತ ಈ ಗೂಡುಗಳು ಮೇಲೆ ಮೇಲೆ ಬೆಳೆದು ಉಂಗುರವಾದದ್ದೇ ಇಂಥ ದ್ವೀಪ ಅಂತ ಡಾರ್ವಿನ್ 1842ರಲ್ಲಿ ಬರೆದ.

ಸ್ವಲ್ಪ ಮುಂದೆ ಹೋದರೆ ಬರೀ ಬೂದಿ ಬಣ್ಣ. ಮುರಿದ ಕೊಂಬೆಗಳ ರಾಶಿ, ಸ್ಮಶಾನದ ಹಾಗೆ. ನೀರು ವಾಡಿಕೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ವಾರಗಟ್ಟಲೆ ನಿಂತರೆ ಹವಳ ಆ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ, ಹಸಿದು ಸಾಯುತ್ತದೆ. 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಇಲ್ಲಿ ವರ್ಷಗಟ್ಟಲೆ ಮುಳುಗಿ ಎಣಿಸಿದ್ದಾರೆ. 1998ರಿಂದ 24 ವರ್ಷಗಳಲ್ಲಿ ಜೀವಂತ ಹವಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ಅದಕ್ಕೇನೀಗ ಅಂತೀರಾ? ಆ ಸಂಜೆ ಹುಡುಗನ ಅಜ್ಜಿ ಚಹಾಕ್ಕೆ ಕರೆದರು. ಎದುರುಮನೆ ಮಲಯಾಳಿ ಟೀಚರಿಂದ ಕಲಿತ ನಾಲ್ಕು ಮಾತು ನನ್ನ ಕೈಹಿಡಿಯಿತು. ತೆಂಗಿನ ತುರಿ, ಬೆಲ್ಲ ಹಾಕಿ ಕಟ್ಟಿದ ಉಂಡೆ ಕೊಟ್ಟರು, ನಮ್ಮ ಕಾಯಿಉಂಡೆಯೇ. ಮನೆ ಅವರ ತಾಯಿಯದು, ಅದಕ್ಕೂ ಮುಂಚೆ ಅಜ್ಜಿಯದು. ದ್ವೀಪದವರು ಮುಸಲ್ಮಾನರು, ಆದರೆ ತರವಾಡಿನ ಆಸ್ತಿ ಹಿಂದಿನಿಂದ ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬಂದದ್ದು. ಗಂಡನೇ ಹೆಂಡತಿಯ ಮನೆಗೆ ಬರುತ್ತಿದ್ದನಂತೆ. (ನಮ್ಮವರಿಗೆ ಇದನ್ನು ಹೇಳಿದೆ, ಕೇಳದವರ ಹಾಗೆ ಪೇಪರ್ ತಿರುವಿದರು.)

ಹಿತ್ತಲಲ್ಲಿ ಬಾವಿ. ಮರಳಿನಲ್ಲಿ ಇಂಗಿದ ಮಳೆನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಪಂಪು ಹಾಕಿ ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ಅಜ್ಜಿ ಪಾತ್ರೆ ತೊಳೆದ ನೀರನ್ನು ಬಾಳೆಬುಡಕ್ಕೆ ಹಾಕಿದರು. ಬೋರಿನ ಮೇಲೆ ಬೋರು ಕೊರೆಸಿದ ಪೀಣ್ಯದವಳಿಗೆ ಮುಖ ಕೆಳಗಾಯಿತು.

ಮಳೆಗಾಲದ ಅಲೆ ಹೇಗೆ ತಡೀತೀರಿ ಅಂತ ಕೇಳಿದೆ. ಅವರು ದೂರದಲ್ಲಿ ನೊರೆ ಏಳುವ ಗೆರೆಯ ಕಡೆ ಕೈತೋರಿಸಿ, "ಅದು ತಡೆಯುತ್ತೆ ಚೇಚಿ, ನಾವಲ್ಲ" ಅಂದರು. ಅಲೆ ಮೊದಲು ಹವಳದ ಗೋಡೆಗೆ ಬಡಿದು ಸುಸ್ತಾಗಿ ದಡಕ್ಕೆ ಬರುತ್ತದೆ. ಹವಳ ಸತ್ತರೆ ಆ ಗೋಡೆ ಸವೆಯುತ್ತದೆ, ಕಟ್ಟುವವರಿಲ್ಲ. ಆ ಅಜ್ಜಿಯ ಮನೆ ಅಲೆಯಿಂದ ಎಷ್ಟು ಹೆಜ್ಜೆ ಅಂತ ಬರುವಾಗ ಎಣಿಸಿದೆ. ನೂರಾ ಹತ್ತು.

ಹೋಗುವವರಿದ್ದರೆ ಅಕ್ಟೋಬರಿನಿಂದ ಏಪ್ರಿಲ್ ಒಳಗೆ ಹೋಗಿ. ಪರವಾನಗಿ ಇಲ್ಲದೆ ಬಿಡೋದಿಲ್ಲ, ಮುಂಚೆಯೇ ಮಾಡಿಸಿಕೊಳ್ಳಿ. ನೀರೊಳಗೆ ಹವಳದ ಮೇಲೆ ಕಾಲಿಡಬೇಡಿ. ದಡದಲ್ಲಿ ಬಿದ್ದ ಚೂರನ್ನೂ ಶೋಕೇಸಿಗೆ ಅಂತ ತರಬೇಡಿ, ಕಾನೂನಿನ ಪ್ರಕಾರ ತಪ್ಪು.

ಮಗಳು ಮುಂದಿನ ಸಲ ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಆಳಕ್ಕೆ ಇಳಿಯೋಣ ಅಂತಾಳೆ. ಮಂಡಿನೋವು ಒಂದಿಷ್ಟು ಕಡಿಮೆಯಾಗಲಿ, ನೋಡೋಣ ಅಂದಿದ್ದೇನೆ.