ಹಲ್ಲಿನ ವಿದ್ಯೆಯೂ ಮೇಲಾಟವೂ

ನಮ್ಮದು ಅಡಿಕೆಯ ಮನೆ. ನಾಲ್ಕು ತಲೆಮಾರುಗಳಿಂದ ಅಡಿಕೆಯೇ ನಮಗೆ ಅನ್ನವನ್ನೂ ವಿದ್ಯೆಯನ್ನೂ ಮಾನವನ್ನೂ ಕೊಟ್ಟಿರುತ್ತದೆ. ಇಂತಹ ಮನೆಯಲ್ಲಿ ಹುಟ್ಟಿದ ನನ್ನ ಮಗಳು ದಂತವೈದ್ಯವನ್ನು ಕಲಿಯಹೊರಟಾಗ ಊರಿನ ಹಿರಿಯರೊಬ್ಬರು, “ಒಳ್ಳೆಯದಾಯಿತು, ಅಪ್ಪ ಬೆಳೆದ ಅಡಿಕೆಯಿಂದ ಸವೆದ ಹಲ್ಲನ್ನು ಮಗಳು ಕಟ್ಟಿಕೊಡಬಹುದು” ಎಂದು ನಕ್ಕರು. ಆ ದಿನ ನಾನೂ ಅವರೊಡನೆ ನಕ್ಕೆನು. ಆ ವಿನೋದದೊಳಗೆ ಎಷ್ಟು ಸತ್ಯವಿದ್ದಿತೆಂಬುದು ನನಗೆ ತಿಳಿದುದು ಬಹುಕಾಲದ ಮೇಲೆ. ಮೇಲಣ ವ್ಯಾಸಂಗಕ್ಕೆ ಒಂದು ಸ್ಥಳವನ್ನು ದೊರಕಿಸಿಕೊಳ್ಳಲು ನನ್ನ ಮಗಳು ಪಟ್ಟ ಶ್ರಮವನ್ನೂ, ಆ ಸಂದರ್ಭದಲ್ಲಿ ನಾನು ತೋರಿದ ಅವಿವೇಕವನ್ನೂ ವಾಚಕರಲ್ಲಿ ಮರೆಮಾಚದೆ ಹೇಳಿಕೊಳ್ಳುವೆನು. ನನ್ನಂತಹ ತಂದೆತಾಯಿಗಳು ಇನ್ನೂ ಅನೇಕರಿರಬಹುದು.

ನಮ್ಮ ದೇಶದಲ್ಲಿ ದಂತವೈದ್ಯದ ಶಿಕ್ಷಣವು ಬಹು ಹಳೆಯದಲ್ಲ. ಡಾಕ್ಟರ್ ರಫಿಯುದ್ದೀನ್ ಅಹ್ಮದರು 1920ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಕಾಲೇಜೇ ಮೊದಲನೆಯದು. 1948ರಲ್ಲಿ ದಂತವೈದ್ಯರ ಕಾಯಿದೆಯು ಬಂದಿತು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿಯೂ, ಮಣಿಪಾಲದ ಕಾಲೇಜು 1965ರಲ್ಲಿಯೂ ಪ್ರಾರಂಭವಾದುವು. ಇಂದು ಕರ್ನಾಟಕವೊಂದರಲ್ಲಿಯೇ ನಲವತ್ತಕ್ಕೂ ಮಿಕ್ಕಿ ಇಂತಹ ಕಾಲೇಜುಗಳಿವೆ. ದೇಶದಲ್ಲೆಲ್ಲ ಸೇರಿ ವರುಷಕ್ಕೆ 25 ಸಾವಿರಕ್ಕೂ ಹೆಚ್ಚು ಮಂದಿಗೆ ಬಿ.ಡಿ.ಎಸ್. ತರಗತಿಯಲ್ಲಿ ಸ್ಥಳವುಂಟು. ನಾಲ್ಕು ವರುಷದ ಪಾಠ, ಒಂದು ವರುಷದ ಆಸ್ಪತ್ರೆಯ ಅಭ್ಯಾಸ, ಹೀಗೆ ಐದು ವರುಷ ಕಳೆದ ಮೇಲೆ ಹುಡುಗರು ಡಾಕ್ಟರೆನ್ನಿಸಿಕೊಂಡು ಹೊರಬರುತ್ತಾರೆ. ಬಂದ ಮೇಲೆ ನೋಡಿದರೆ ಪೇಟೆಯ ಪ್ರತಿಯೊಂದು ಬೀದಿಯಲ್ಲಿಯೂ ಒಂದೊಂದು ಹಲ್ಲಿನ ಡಾಕ್ಟರ ಹಲಗೆ ತೂಗುತ್ತಿರುತ್ತದೆ. ಹೊಸಬನು ತನ್ನ ಹಲಗೆಯನ್ನು ಎಲ್ಲಿ ತೂಗಹಾಕಬೇಕು? ಹೆಸರಿನ ಮುಂದೆ ಎಂ.ಡಿ.ಎಸ್. ಎಂಬ ಇನ್ನೊಂದು ಪದವಿಯಿಲ್ಲದೆ ಬದುಕಿಲ್ಲವೆಂಬ ಭಾವನೆಯು ಹೀಗೆ ಬಲಿಯಿತು.

ಎಂ.ಡಿ.ಎಸ್. ವ್ಯಾಸಂಗವು ಮೂರು ವರುಷದ್ದು. ಅದರಲ್ಲಿ ಒಂಬತ್ತು ಶಾಖೆಗಳು. ಸೊಟ್ಟ ಹಲ್ಲನ್ನು ತಂತಿ ಕಟ್ಟಿ ನೆಟ್ಟಗೆ ಮಾಡುವ ಆರ್ಥೊಡಾಂಟಿಕ್ಸ್, ಹುಳುಕುಹಲ್ಲನ್ನು ಬೇರಿನೊಳಗಿಂದ ಚಿಕಿತ್ಸೆ ಮಾಡಿ ಉಳಿಸುವ ಎಂಡೊಡಾಂಟಿಕ್ಸ್, ಕಟ್ಟುಹಲ್ಲಿನ ಪ್ರಾಸ್ಥೊಡಾಂಟಿಕ್ಸ್, ಬಾಯಿ ದವಡೆಗಳ ಶಸ್ತ್ರಚಿಕಿತ್ಸೆ, ಒಸಡಿನ ಶಾಸ್ತ್ರ, ಮಕ್ಕಳ ದಂತವೈದ್ಯ, ಬಾಯಿಯ ರೋಗನಿದಾನ ಮತ್ತು ಕ್ಷಕಿರಣಶಾಸ್ತ್ರ, ರೋಗದ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಓರಲ್ ಪೆಥಾಲಜಿ, ಕೊನೆಯದಾಗಿ ಸಾರ್ವಜನಿಕ ದಂತಾರೋಗ್ಯ. ಇವುಗಳಿಗೆಲ್ಲ ದೇಶದಲ್ಲಿ ಒಟ್ಟು ಆರು ಸಾವಿರಕ್ಕೆ ಮಿಕ್ಕಿ ಸ್ಥಳಗಳುಂಟು. ಪರೀಕ್ಷೆ ಬರೆಯುವವರಾದರೋ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟವರು.

ಆ ಪರೀಕ್ಷೆಯ ರೀತಿಯನ್ನು ಸ್ವಲ್ಪ ವಿವರಿಸಬೇಕು. ಮೊದಲು ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಪರೀಕ್ಷೆಯಿದ್ದುದು ಹೋಗಿ 2017ನೆಯ ಸಾಲಿನಿಂದ ನೀಟ್ ಎಂಬ ಒಂದು ಸಮಾನ ಪರೀಕ್ಷೆಯು ಏರ್ಪಟ್ಟಿದೆ. 240 ಪ್ರಶ್ನೆಗಳು, ಕಾಲಾವಕಾಶವು ಮೂರು ಗಂಟೆ. ಎಂದರೆ ಒಂದು ಪ್ರಶ್ನೆಗೆ 45 ಸೆಕೆಂಡು. ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನಾರಿಸಿದರೆ ನಾಲ್ಕು ಅಂಕ, ತಪ್ಪಿದರೆ ಗಳಿಸಿದುದರಲ್ಲಿ ಒಂದು ಅಂಕ ನಷ್ಟ. ಒಟ್ಟು ಅಂಕ 960. ಹಲ್ಲಿನ ವಿದ್ಯೆಯು ಬಹುಮಟ್ಟಿಗೆ ಕೈಯ ವಿದ್ಯೆ. ಅಕ್ಕಸಾಲಿಗನ ನಯವೂ ಬಡಗಿಯ ಲೆಕ್ಕವೂ ಅದಕ್ಕೆ ಬೇಕು. ಆದರೆ ಈ ಮೂರು ಗಂಟೆಯಲ್ಲಿ ಬರೆಯುವವನ ಕೈಯನ್ನು ಯಾರೂ ನೋಡುವುದಿಲ್ಲ. ಸಹಸ್ರಾರು ಜನರನ್ನು ಒಂದೇ ದಿನ ತೂಗಬೇಕಾದಾಗ ಬೇರೆ ತಕ್ಕಡಿಯು ಸಿಕ್ಕುವುದು ಕಷ್ಟವೆಂಬುದನ್ನೂ ಒಪ್ಪಬೇಕು. ತಕ್ಕಡಿಯ ಮೇಲೆ ನನಗೆ ಕೋಪವಿಲ್ಲ. ಅದು ತೂಗದೆ ಬಿಟ್ಟುದನ್ನು ನಾವೂ ಮರೆತುಬಿಡುತ್ತೇವಲ್ಲ ಎಂಬುದೇ ನನ್ನ ಸಂಕಟ.

ಇಲ್ಲಿ ಇನ್ನೊಂದು ವಿಚಿತ್ರವುಂಟು. ಇಷ್ಟು ಮೇಲಾಟವಿದ್ದರೂ ವರುಷ ವರುಷವೂ ಕೆಲವು ಸ್ಥಳಗಳು ಖಾಲಿಯಾಗಿಯೇ ಉಳಿಯುವುವು. ಸಾಮಾನ್ಯ ವರ್ಗದವರಲ್ಲಿ ಮೇಲಿನ ಅರ್ಧದಲ್ಲಿ ಬಂದವರಿಗೆ ಮಾತ್ರ ಅರ್ಹತೆಯೆಂಬ ನಿಯಮವನ್ನು ಖಾಲಿ ಸ್ಥಳಗಳನ್ನು ತುಂಬುವುದಕ್ಕಾಗಿ ಒಂದಕ್ಕಿಂತ ಹೆಚ್ಚು ಸಲ ಸಡಿಲಿಸಿದುದುಂಟು. ಬಾಗಿಲಲ್ಲಿ ನೂಕುನುಗ್ಗಲು, ಒಳಗೆ ಖಾಲಿ ಮಣೆ! ಇದು ಹೇಗೆಂದರೆ, ಮೇಲಾಟವು ವಿದ್ಯೆಗಾಗಿ ಅಲ್ಲ, ಕೆಲವು ಶಾಖೆಗಳಿಗಾಗಿ. ಅವೂ ಸುಲಭ ಶುಲ್ಕದ ಸರ್ಕಾರಿ ಕಾಲೇಜಿನಲ್ಲಿ ದೊರೆಯಬೇಕೆಂಬುದಕ್ಕಾಗಿ. ಆರ್ಥೊಡಾಂಟಿಕ್ಸ್, ಎಂಡೊಡಾಂಟಿಕ್ಸ್, ಪ್ರಾಸ್ಥೊಡಾಂಟಿಕ್ಸ್, ಶಸ್ತ್ರಚಿಕಿತ್ಸೆ ಇವು ಪಂಕ್ತಿಯ ಮೊದಲಿನವು; ಇವುಗಳಲ್ಲಿ ಸ್ವಂತ ಚಿಕಿತ್ಸಾಲಯವನ್ನಿಟ್ಟು ಸಂಪಾದಿಸಬಹುದು. ಪೆಥಾಲಜಿ, ಸಾರ್ವಜನಿಕ ದಂತಾರೋಗ್ಯ ಇವು ಕೊನೆಯವು. ಕಾಲೇಜಿನಲ್ಲಿ ಉಪಾಧ್ಯಾಯವೃತ್ತಿಯು ಸಿಕ್ಕದಿದ್ದರೆ ಇವನ್ನು ಕಲಿತವರಿಗೆ ದಾರಿಯು ಕಿರಿದು.

ನನ್ನ ಮಗಳ ಕೈ ಬಹಳ ಸೂಕ್ಷ್ಮವಾದುದು. ಮೊದಲನೆಯ ವರುಷದಲ್ಲಿ ಮೇಣದ ಗಟ್ಟಿಯಿಂದ ಹಲ್ಲಿನ ಆಕಾರವನ್ನು ಕೆತ್ತಬೇಕಷ್ಟೆ. ರಜೆಯಲ್ಲಿ ಮನೆಗೆ ಬಂದಾಗ ಅವಳು ಜಗಲಿಯ ಮೇಲೆ ಕುಳಿತು ದವಡೆಹಲ್ಲನ್ನು ಕೆತ್ತುತ್ತಿದ್ದರೆ, ನನ್ನ ತಾಯಿಯವರು ಪಕ್ಕದಲ್ಲಿ ಕುಳಿತು ಅಡಿಕೆಯನ್ನು ಕತ್ತರಿಸುತ್ತ, “ಇದೊಂದು ನನಗಿಟ್ಟಿರು, ಕೂಸೆ” ಎನ್ನುತ್ತಿದ್ದರು. ಮುಂದೆ ತಂತಿ ಬಗ್ಗಿಸುವ ಅಭ್ಯಾಸವು ಬಂದಾಗ ಅವಳಿಗೆ ಆರ್ಥೊಡಾಂಟಿಕ್ಸ್ ಶಾಖೆಯ ಮೇಲೆ ಮನಸ್ಸು ನಾಟಿತು. ನನಗೂ ಅದೇ ಇಷ್ಟ. ಸತ್ಯವನ್ನು ಹೇಳಬೇಕಾದರೆ, ನನಗೆ ಇಷ್ಟವಾದುದು ತಂತಿಯ ಕೆಲಸವಲ್ಲ; ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ ಹೆಸರು.

ಮೊದಲನೆಯ ಸಲ ಬರೆದಾಗ ಅವಳಿಗೆ ಬಂದ ಸ್ಥಾನವು ಬಹಳ ಹಿಂದಿನದು. ಒಂದು ವರುಷ ಮನೆಯಲ್ಲಿಯೇ ಕುಳಿತು ಓದಿದಳು. ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಹತ್ತಾರು ಜನ ಅಡಿಕೆ ಸುಲಿಯುತ್ತ ಮಾತನಾಡುತ್ತಿದ್ದರೆ ಅವಳು ಅಟ್ಟದ ಮೇಲೆ ಕಿವಿಗೆ ಹತ್ತಿ ತುರುಕಿಕೊಂಡು ಓದುತ್ತಿದ್ದಳು. ಅವಳ ಜೊತೆಯವರಲ್ಲಿ ಇಬ್ಬರ ಮದುವೆಯಾಯಿತು. ಒಬ್ಬಳು ಪೇಟೆಯಲ್ಲಿ ಚಿಕಿತ್ಸಾಲಯವನ್ನು ತೆರೆದಳು. ನೆಂಟರು ಬಂದಾಗಲೆಲ್ಲ, “ಮಗಳು ಇನ್ನೂ ಓದುತ್ತಲೇ ಇದ್ದಾಳೆಯೇ?” ಎಂದು ಕೇಳುವರು. ಆ ‘ಇನ್ನೂ’ ಎಂಬ ಮಾತಿಗೆ ಅವಳು ಒಂದು ದಿನವಾದರೂ ಉತ್ತರ ಕೊಟ್ಟುದನ್ನು ನಾನು ಕೇಳಲಿಲ್ಲ. ಎರಡನೆಯ ಸಲದ ಫಲವು ಬಂದಾಗ ಸ್ಥಾನವು ಬಹಳ ಮುಂದೆ ಬಂದಿದ್ದಿತು. ಆದರೆ ಸಾಕಾಗುವಷ್ಟು ಮುಂದೆ ಬಂದಿರಲಿಲ್ಲ.

ಆಯ್ಕೆಯ ದಿನಗಳಲ್ಲಿ ನಮ್ಮೆದುರಿಗೆ ಎರಡು ದಾರಿಗಳು ಉಳಿದುವು. ಒಂದು ಖಾಸಗಿ ಕಾಲೇಜಿನಲ್ಲಿ ಅವಳು ಬಯಸಿದ ಶಾಖೆಯೇ ಸಿಕ್ಕುವಂತಿದ್ದಿತು. ಅದರ ಶುಲ್ಕಕ್ಕಾಗಿ ಕೆರೆಯ ಕೆಳಗಣ ತೋಟದ ತುಂಡನ್ನು ಮಾರಬೇಕು. ಇನ್ನೊಂದು, ಸರ್ಕಾರದ ಕಾಲೇಜಿನಲ್ಲಿ ಸುಲಭ ಶುಲ್ಕಕ್ಕೆ ಪೆಥಾಲಜಿ. ನಾನು ತೋಟವನ್ನು ಮಾರುವೆನೆಂದೇ ನಿಶ್ಚಯಿಸಿದೆನು. ಮಗಳು ಬೇಡವೆಂದಳು. ಮಾತಿಗೆ ಮಾತು ಬೆಳೆದು, “ಸೋತವರಿಗೆ ಉಳಿದ ಶಾಖೆ ಅದು, ಅಲ್ಲಿಗೆ ಹೋಗುವುದಕ್ಕಾಗಿ ಒಂದು ವರುಷ ಅಟ್ಟದ ಮೇಲೆ ಕುಳಿತೆಯಾ?” ಎಂದು ಕೇಳಿಬಿಟ್ಟೆನು. ಅವಳು ಏನೂ ಹೇಳದೆ ಎದ್ದುಹೋದಳು. ನನ್ನ ಹೆಂಡತಿಯು ಮಾತ್ರ, “ತೋಟ ಮಾರಿದರೆ ಅದರ ಭಾರವನ್ನು ಹೊರುವವಳು ಅವಳು, ನೀವಲ್ಲ” ಎಂದಳು. ಮರುದಿನ ಬೆಳಿಗ್ಗೆ ಮಗಳು ಪೆಥಾಲಜಿಗೆ ಒಪ್ಪಿಗೆಯನ್ನು ಕೊಟ್ಟು ಬಂದು ನನಗೆ ತಿಳಿಸಿದಳು. ಎರಡು ತಿಂಗಳು ನಾನು ಅವಳೊಡನೆ ಬೇಕಾದಷ್ಟನ್ನು ಮಾತ್ರ ಮಾತನಾಡಿದೆನು.

ಆ ವರುಷದ ಕೊಯ್ಲಿಗೆ ಅವಳು ನಾಲ್ಕು ದಿನ ಮನೆಗೆ ಬಂದಿದ್ದಳು. ನಮ್ಮ ತೋಟದ ಕೊನೆಗಾರನು ಊಟಕ್ಕೆ ಕುಳಿತವನು ಸಾರಿನ ಖಾರವನ್ನು ತಾಳಲಾರದೆ ಬರಿಯ ಮಜ್ಜಿಗೆಯನ್ನೇ ಕೇಳಿದನು. ನಾನು ಅದನ್ನು ಹಿಂದೆಯೂ ಎಷ್ಟೋ ಸಲ ಕಂಡಿದ್ದೆನು. ಹೊಟ್ಟೆಯ ಉರಿ ಎಂದುಕೊಂಡಿದ್ದೆನು. ಮಗಳು ಅವನ ಊಟ ಮುಗಿದ ಮೇಲೆ, “ಅಣ್ಣ, ಸ್ವಲ್ಪ ಬಾಯಿ ತೆಗೆ, ನೋಡೋಣ” ಎಂದಳು. “ತೆಗೆದಿದ್ದೇನಲ್ಲ, ಅಮ್ಮ” ಎಂದನು ಅವನು. ಎರಡು ಬೆರಳು ಹಿಡಿಯುವಷ್ಟು ಮಾತ್ರವೇ ಅವನ ಬಾಯಿ ತೆರೆದಿದ್ದಿತು. ಆರೋಗ್ಯವಂತನ ಬಾಯಿ ಮೂರು ಬೆರಳಷ್ಟಾದರೂ ತೆರೆಯಬೇಕಂತೆ. ಕೆನ್ನೆಯ ಒಳಭಾಗವು ಬಿಳುಪೇರಿ ತೊಗಲಿನ ಪಟ್ಟಿಯಂತೆ ಗಡುಸಾಗಿದ್ದಿತು. ಪೊಟ್ಟಣದ ಅಡಿಕೆಪುಡಿಯನ್ನು ದಿನವಿಡೀ ಅಗಿಯುವುದು ಅವನ ಅಭ್ಯಾಸ.

ಆ ಸಂಜೆ ಮಗಳು ನನಗೆ ಅದರ ಸಂಗತಿಯನ್ನು ವಿವರಿಸಿದಳು. ಬಾಯಿಯ ಒಳಚರ್ಮದ ಅಡಿಯಲ್ಲಿ ನಾರು ಬೆಳೆದು ಬಿಗಿಯುವ ಈ ರೋಗವನ್ನು 1952ರಲ್ಲಿ ಶ್ವಾರ್ಟ್ಸ್ ಎಂಬವರು ಪೂರ್ವ ಆಫ್ರಿಕದಲ್ಲಿದ್ದ ಭಾರತೀಯ ಸ್ತ್ರೀಯರಲ್ಲಿ ಕಂಡು ವರ್ಣಿಸಿದರಂತೆ. ಅದರ ಮುಖ್ಯ ಕಾರಣವು ಅಡಿಕೆ. ಒಮ್ಮೆ ಬಿಗಿದ ನಾರು ಚಟವನ್ನು ಬಿಟ್ಟರೂ ಸುಲಭವಾಗಿ ಸಡಿಲವಾಗದು; ಕೆಲವರಲ್ಲಿ ಮುಂದೆ ಅರ್ಬುದವಾಗಿ ತಿರುಗುವುದು. ಹಾಗೆ ತಿರುಗಿದೆಯೇ ಇಲ್ಲವೇ ಎಂಬುದನ್ನು ಒಂದು ಸಣ್ಣ ತುಣುಕನ್ನು ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬೇಕು. ಹೇಳುವವರು ಪೆಥಾಲಜಿ ಕಲಿತವರು. ಅರ್ಬುದದ ವಿಷಯವಾಗಿ ಸಂಶೋಧನೆ ಮಾಡುವ ಅಂತರರಾಷ್ಟ್ರೀಯ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಸೇರದ ಬರಿಯ ಅಡಿಕೆಯೂ ಮನುಷ್ಯರಲ್ಲಿ ಅರ್ಬುದಕಾರಕವೆಂದು ನಿರ್ಣಯಿಸಿರುವುದನ್ನೂ ಅವಳೇ ಹೇಳಿದಳು. ಹೇಳುವಾಗ ಅವಳು ನನ್ನ ಮುಖವನ್ನು ನೋಡಲಿಲ್ಲ. ನಮ್ಮಿಬ್ಬರ ನಡುವೆ ಅಂಗಳದಲ್ಲಿ ಆ ವರುಷದ ಅಡಿಕೆಯು ಒಣಗುತ್ತಿದ್ದಿತು.

“ಅಪ್ಪಯ್ಯ, ಇವನನ್ನು ನಾಡಿದ್ದು ನನ್ನ ಜೊತೆಗೆ ಕಳುಹಿಸಬಹುದೇ?” ಎಂದು ಕೇಳಿದಳು. ಕಳುಹಿಸಿದೆನು. ತುಣುಕಿನ ಪರೀಕ್ಷೆಯಾಯಿತು, ಅರ್ಬುದವು ಇನ್ನೂ ಸೇರಿರಲಿಲ್ಲ. ಅವನು ಈಗ ಪೊಟ್ಟಣವನ್ನು ಬಿಟ್ಟಿದ್ದಾನೆ, ಅಥವಾ ಬಿಟ್ಟೆನೆಂದು ನನ್ನೆದುರಿಗೆ ಹೇಳುತ್ತಾನೆ. ಬಾಯಿ ಮೊದಲಿನಂತೆ ತೆರೆಯುವುದಿಲ್ಲ. ಅನ್ನವನ್ನು ಮಾತ್ರ ಸ್ವಲ್ಪ ಸುಖವಾಗಿ ಉಣ್ಣುತ್ತಾನೆ.

ಇಷ್ಟನ್ನು ಬರೆದು, ಎಲ್ಲವೂ ದೈವಸಂಕಲ್ಪದಂತೆ ಒಳ್ಳೆಯದಕ್ಕೇ ಆಯಿತೆಂದು ಹೇಳಿ ಮುಗಿಸುವುದು ಸುಲಭ; ಆದರೆ ಅದು ನಿಜವಾಗಲಾರದು. ಮಗಳಿಗೆ ತಂತಿಯ ಕೆಲಸವು ಸಿಕ್ಕಲಿಲ್ಲವೆಂಬ ನೋವು ಇಂದಿಗೂ ಇದೆ. ಹಳೆಯ ಇಕ್ಕಳವನ್ನು ಅವಳು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದಾಳೆ. ಓದು ಮುಗಿದ ಮೇಲೆ ಕೆಲಸವು ಸಿಕ್ಕುವುದೋ ಇಲ್ಲವೋ ಎಂಬ ಚಿಂತೆಯು ನಮ್ಮಿಬ್ಬರಿಗೂ ಇದೆ. ನಾನು ಅಡಿಕೆಯನ್ನು ಬೆಳೆಯುವುದನ್ನು ಬಿಟ್ಟಿಲ್ಲ. ತೋಟವನ್ನು ಕಡಿದರೆ ಆ ಕೊನೆಗಾರನ ಮನೆಯೂ ನನ್ನ ಮನೆಯೂ ಒಂದೇ ಸಲ ಉಪವಾಸ ಬೀಳುವುವು. ಆದರೆ ಮಂಡಿಯಿಂದ ಹಣ ತಂದ ದಿನ ಮೊದಲಿದ್ದಂತಹ ನಿಶ್ಚಿಂತೆಯು ಈಗ ನನಗಿಲ್ಲವೆಂಬುದನ್ನು ಒಪ್ಪಿಕೊಳ್ಳುವೆನು.

ಬದಲಾದುದು ಒಂದೇ. ಮೇಲಾಟದಲ್ಲಿ ಯಾವುದು ಮೊದಲು, ಯಾವುದು ಕೊನೆಯೆಂಬ ಪಂಕ್ತಿಯನ್ನು ಹಾಕಿದವರು ಪರೀಕ್ಷಕರಲ್ಲ, ನಾವು. ಯಾವ ಶಾಖೆಗೆ ಜನರು ಹಣ ತೆರುವರೋ ಅದು ಮೊದಲು. ಯಾವುದಕ್ಕೆ ತೆರಲಾರರೋ ಅದು ಕೊನೆ. ಸೊಟ್ಟ ಹಲ್ಲಿಗೆ ಹಣ ತೆರುವವರುಂಟು. ಕೊನೆಗಾರನ ಕೆನ್ನೆಯ ತುಣುಕಿಗೆ ಯಾರು ತೆರುವರು? ಸರ್ಕಾರವು ಜಿಲ್ಲೆ ಜಿಲ್ಲೆಯ ಆಸ್ಪತ್ರೆಗಳಲ್ಲಿ ಅಂತಹ ತುಣುಕನ್ನು ನೋಡುವವರಿಗೆ ಸ್ಥಾನ ಕಲ್ಪಿಸಿದರೆ ಪಂಕ್ತಿಯು ತಾನಾಗಿಯೇ ಬದಲಾಗಬಹುದು. ಅದಾಗುವವರೆಗೆ ತಂದೆತಾಯಿಗಳಾದ ನಾವು ಮಾಡಬಹುದಾದುದು ಅಲ್ಪ; ಆದರೂ ಇಲ್ಲದಿಲ್ಲ. ಫಲವು ಬಂದ ದಿನ ಮಕ್ಕಳ ಸ್ಥಾನದ ಅಂಕಿಯನ್ನು ಓದುವ ಮೊದಲು ಅವರ ಮುಖವನ್ನೊಮ್ಮೆ ನೋಡಬಹುದು. ನಾನು ಆ ದಿನ ಅಂಕಿಯನ್ನೇ ಮೊದಲು ಓದಿದೆನು.