ಕೊಯ್ದು ನೋಡಿದ ಫಿಲ್ಟರು

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳೂ ಏನಾದರೂ ಬರೆದುಕೊಡಬೇಕೆಂದು ಗುರುಗಳು ಹೇಳಿ ಕಳುಹಿಸಿದಾಗ ನನಗೆ ಸಂಕೋಚವಾಯಿತು. ಕಥೆ, ಕವಿತೆ ಬರೆಯುವವರು ನಮ್ಮ ವರ್ಗದಲ್ಲಿ ಬೇರೆ ಇದ್ದರು. ನಾನು ಗ್ಯಾರೇಜಿನವನು. ದಿನವೂ ಮೈಕೈಗೆ ಎಣ್ಣೆ ಮೆತ್ತಿಕೊಳ್ಳುವವನಿಗೆ ಬರೆಯಲು ಏನಿದೆ? ಯೋಚಿಸುತ್ತ ಕುಳಿತಾಗ ನನ್ನ ಕೈಯಲ್ಲಿದ್ದದ್ದೇ ನೆನಪಿಗೆ ಬಂತು. ಅದೊಂದು ಹಳೆಯ ಆಯಿಲ್ ಫಿಲ್ಟರು. ಅದರ ಕುರಿತೇ ಬರೆಯುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆಯೂ ಇದೆ.

1996ರ ಬೇಸಿಗೆ. ನಾನು ಎಸ್ಸೆಸ್ಸಿ ಪರೀಕ್ಷೆ ಬರೆದು ಮನೆಯಲ್ಲಿದ್ದೆ. ನಮ್ಮ ಅಪ್ಪ ಸಾಲ ಮಾಡಿ ಕೊಂಡ ಹಳೆಯ ಮಾರುತಿ ವ್ಯಾನೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಸೊಲ್ಲಾಪುರ ಸ್ಟೇಶನ್ನಿನಲ್ಲಿ ಇಳಿದ ಯಾತ್ರಿಕರನ್ನು ಅಕ್ಕಲಕೋಟೆ, ಗಾಣಗಾಪುರ, ತುಳಜಾಪುರ, ಪಂಢರಪುರಗಳಿಗೆ ಕರೆದೊಯ್ದು ತರುವುದು ಅವರ ಕೆಲಸ. ಆರು ಜನರ ಹೊಟ್ಟೆ ಆ ಮೂರು ಸಿಲಿಂಡರಿನ ಪುಟ್ಟ ಇಂಜಿನ್ನಿನ ಮೇಲೆ ನಡೆಯುತ್ತಿತ್ತು. ಅದಕ್ಕೇ ಅಪ್ಪ 5,000 ಕಿಲೋಮೀಟರಿಗೊಮ್ಮೆ ತಪ್ಪದೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸುತ್ತಿದ್ದರು.

ಆ ಬೇಸಿಗೆಯಲ್ಲಿ ವ್ಯಾನಿಗೆ ಏನೋ ಆಗಿತ್ತು. ಮುಂಜಾನೆ ಚಾಲೂ ಮಾಡಿದ ಕೂಡಲೇ ನಾಲ್ಕಾರು ಕ್ಷಣ ಕಟಕಟ ಸದ್ದು. ಎಣ್ಣೆಯ ಕೆಂಪು ದೀಪ ಆರಲು ತಡ. ಬರಬರುತ್ತ ಏರು ಹತ್ತುವಾಗಲೂ ಒಳಗಿನಿಂದ ಬಡಿದಂತೆ ಕೇಳತೊಡಗಿತು. ಅಪ್ಪ ನನ್ನನ್ನೂ ಕೂಡಿಸಿಕೊಂಡು ಸೊಲ್ಲಾಪುರದ ಮಿಸ್ತ್ರಿ ಚಾಚಾ ಅವರ ಗ್ಯಾರೇಜಿಗೆ ಹೋದರು.

ಚಾಚಾ ಎಣ್ಣೆ ಇಳಿಸಿದರು, ಫಿಲ್ಟರು ಬಿಚ್ಚಿದರು. ಎಣ್ಣೆ ಡಾಂಬರಿನಂತೆ ಕಪ್ಪಾಗಿತ್ತು. "ಫಿಲ್ಟರ್ ಕೆಟ್ಟದ ಅಂತ ಕಾಣಸ್ತದ," ಎಂದೆ ನಾನು, ತಿಳಿದವನಂತೆ. ಚಾಚಾ ನಕ್ಕರು. "ತಮ್ಮಾ, ಎಣ್ಣಿ ಕರ್ರಗಾದ್ರ ಫಿಲ್ಟರ್ ಕೆಟ್ಟದ ಅಂತಲ್ಲ. ಸಣ್ಣ ಮಸಿ ಎಣ್ಣಿಯೊಳಗ ತೇಲತಿರತದ. ಅದನ್ನ ಈ ಕಾಗದ ಹಿಡಿಯಂಗಿಲ್ಲ. ಹೊರಗಿಂದ ನೋಡಿ ಹೇಳಬ್ಯಾಡ. ಕೊಯ್ದು ನೋಡೂಣು ಬಾ."

ಫಿಲ್ಟರನ್ನು ಬೋರಲು ಹಾಕಿ ಎಣ್ಣೆ ಬಸಿಯಲು ಬಿಟ್ಟರು. ಆಮೇಲೆ ಪೈಪು ಕತ್ತರಿಸುವ ಕಟ್ಟರಿನಂತಹ ಒಂದು ಉಪಕರಣವನ್ನು ಅದರ ಕಂಠಕ್ಕೆ ಸಿಕ್ಕಿಸಿ ತಿರುಗಿಸಿದರು. ಗರಗಸದಿಂದ ಕೊಯ್ಯಬಾರದಂತೆ, ಕೊಯ್ದರೆ ಕಬ್ಬಿಣದ ಪುಡಿ ಒಳಗೆ ಬಿದ್ದು, ಅದು ಇಂಜಿನ್ನಿನಿಂದ ಬಂದದ್ದೋ ಗರಗಸದ್ದೋ ತಿಳಿಯದೆ ಹೋಗುತ್ತದೆ.

ಡಬ್ಬ ತೆರೆದಾಗ ನಾನು ಮೊದಲ ಸಲ ಅದರ ಒಳಗನ್ನು ಕಂಡೆ. ನಡುವೆ ತೂತುಗಳುಳ್ಳ ತಗಡಿನ ಕೊಳವೆ, ಅದರ ಸುತ್ತ ಬೀಸಣಿಗೆಯಂತೆ ಮಡಿಕೆ ಮಡಿಕೆಯಾದ ಕಾಗದ, ಮೇಲೆ ಕೆಳಗೆ ಒಂದೊಂದು ಮುಚ್ಚಳ. ಎಣ್ಣೆ ಕಾಗದದ ಹೊರಮೈಯಿಂದ ಒಳಗೆ ಹಾದು, ನಡುವಿನ ಕೊಳವೆಯಿಂದ ಇಂಜಿನ್ನಿಗೆ ಹೋಗುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ 70 ಪಾಲು. ಒಳ್ಳೆಯ ಫಿಲ್ಟರು 20–30 ಮೈಕ್ರಾನಿನ ಕಣಗಳಲ್ಲಿ ಬಹುಪಾಲನ್ನು ಹಿಡಿದಿಡುತ್ತದೆ.

"ಅಯ್ಯ, ಕಾಗದ ಎಷ್ಟ ಸ್ವಚ್ಛ ಅದ! ಫಿಲ್ಟರ್ ಛಲೋನೇ ಅದ," ಎಂದರು ಅಪ್ಪ. ನಿಜ, ಕಾಗದ ಎಣ್ಣೆಯಿಂದ ಕಪ್ಪಾಗಿದ್ದರೂ ಮಡಿಕೆಗಳ ಸಂದಿಯಲ್ಲಿ ಕಸವೇ ಇರಲಿಲ್ಲ.

"ಅದಕ್ಕ ನನಗ ಸಂಶೇ ಬಂದದ," ಎಂದರು ಚಾಚಾ. "ಐದು ಸಾವಿರ ಕಿಲೋಮೀಟರ್ ಈ ಧೂಳಿನ್ಯಾಗ ಓಡ್ಯದ. ಫಿಲ್ಟರ್‌ನ್ಯಾಗ ಕಸಾ ಇಲ್ಲಂದ್ರ ಆ ಕಸಾ ಎಲ್ಲಿ ಹೋತು?"

ನನಗೆ ಉತ್ತರ ತೋಚಲಿಲ್ಲ. ಚಾಚಾ ಒಂದೊಂದಾಗಿ ತೋರಿಸುತ್ತ ಹೋದರು. ಮಡಿಕೆಗಳು ಸಮನಾಗಿರಬೇಕು, ಇಲ್ಲಿ ಒಂದು ಕಡೆ ಗುಂಪಾಗಿದ್ದವು, ಇನ್ನೊಂದು ಕಡೆ ಬಾಯಿ ಬಿಟ್ಟಿದ್ದವು. ಕಾಗದದ ಎರಡು ತುದಿ ಕೂಡುವಲ್ಲಿ ಅಂಟು ಬಿಗಿಯಾಗಿರಬೇಕು. ಇಲ್ಲಿ ಬೆರಳು ತೂರುವಷ್ಟು ಬಿಟ್ಟುಕೊಂಡಿತ್ತು. ಸೋಸದ ಎಣ್ಣೆಯೆಲ್ಲ ಆ ಸಂದಿನಿಂದಲೇ ನುಗ್ಗಿತ್ತು. ಬಾಯಿಯ ಬಳಿ ಒಂದು ರಬ್ಬರಿನ ಕವಾಟ ಇರುತ್ತದೆ. ಇಂಜಿನ್ ನಿಂತಾಗ ಫಿಲ್ಟರಿನ ಎಣ್ಣೆ ಕೆಳಗೆ ಇಳಿದುಹೋಗದಂತೆ ತಡೆಯುವುದು ಅದರ ಕೆಲಸ. ಬಳಸಿದ ಮೇಲೂ ಅದು ಕಿವಿಯ ಹಾಲೆಯಂತೆ ಮೆತ್ತಗಿರಬೇಕು. ನಮ್ಮದು ಒಣಗಿದ ಚರ್ಮದಂತೆ ಸೆಟೆದು, ಬಗ್ಗಿಸಿದರೆ ಮುರಿಯಿತು. ರಾತ್ರಿಯೆಲ್ಲ ಎಣ್ಣೆ ಇಳಿದುಹೋಗಿ, ಮುಂಜಾನೆ ಇಂಜಿನ್ ಕೆಲವು ಕ್ಷಣ ಒಣಗಿಯೇ ತಿರುಗುತ್ತಿತ್ತು. ಕಟಕಟ ಸದ್ದಿನ ಗುಟ್ಟು ಅದು.

ಕೊನೆಗೆ ಡಬ್ಬದ ತಳದಲ್ಲಿ ಉಳಿದ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ಹಾಕಿ ಬಿಸಿಲಿಗೆ ಹಿಡಿದರು. ಬೆಳ್ಳಿಯ ಚೂರಿನಂತೆ ಏನೋ ಮಿನುಗಿತು. ಅಯಸ್ಕಾಂತ ಆಡಿಸಿದರು, ಚೂರುಗಳು ಅಂಟಲಿಲ್ಲ. "ಅಂಟಿದ್ರ ಕಬ್ಬಿಣ. ಇದು ಬೇರಿಂಗಿನ ಮೇಲಿನ ಮೆತ್ತನ ಲೋಹ. ಬರೇ ಫಿಲ್ಟರಿಂದನೇ ಹಿಂಗಾತು ಅಂತ ನಾ ಹೇಳಂಗಿಲ್ಲ, ಗಾಡೀನೂ ಹಳೇದದ. ಆದ್ರ ಇದು ತನ್ನ ಕೆಲಸಾ ಮಾಡಿಲ್ಲ, ಅದು ಖರೆ."

ಅಪ್ಪ ಡಬ್ಬದ ಮೇಲಿನ ಚೀಟಿಯನ್ನು ಒರೆಸಿ ನೋಡಿದರು. ಅವರ ಮುಖ ಕೆಂಪಾಯಿತು. "ಇದು ನಾ ಹೇಳಿದ ಮಾಲಲ್ಲ. ಆ ಅಂಗಡ್ಯಾಂವ ನನ್ನ ಹುಡುಗಗ ಮೋಸಾ ಮಾಡ್ಯಾನ. ಈಗ ಹೋಗಿ ಕೇಳತೀನಿ," ಎಂದು ಚಪ್ಪಲಿ ಮೆಟ್ಟಿದರು.

ಮಿತ್ರರೇ, ಆ ಫಿಲ್ಟರು ತಂದವನು ನಾನು. ಅಪ್ಪ ಹೇಳಿದ ಅಂಗಡಿಗೆ ನಾನು ಹೋಗಿಯೇ ಇರಲಿಲ್ಲ. ಬೇರೊಂದು ಕಡೆ ಹಾಗೇ ಕಾಣುವ, ಅದೇ ಬಣ್ಣದ ಡಬ್ಬ ಅಗ್ಗಕ್ಕೆ ಸಿಕ್ಕಿತ್ತು. ಉಳಿದ 30 ರೂಪಾಯಿಯಲ್ಲಿ ಗೆಳೆಯರೊಂದಿಗೆ ಸಿನಿಮಾ ನೋಡಿದ್ದೆ. ಸುಮ್ಮನಿದ್ದಿದ್ದರೆ ತಪ್ಪಿಲ್ಲದ ಅಂಗಡಿಯವನು ನಾಲ್ಕು ಜನರೆದುರು ಕಳ್ಳನೆನಿಸಿಕೊಳ್ಳುತ್ತಿದ್ದ. ನಾಲಿಗೆ ಒಣಗಿತ್ತು. "ಅಪ್ಪಾ, ಹೋಗಬ್ಯಾಡ್ರಿ. ನಾನ ಬ್ಯಾರೆ ಅಂಗಡ್ಯಾಗ ತಂದೀನ್ರಿ," ಎಂದೆ.

ಅಪ್ಪ ಬಾಗಿಲಲ್ಲೇ ನಿಂತರು. "ಎಷ್ಟ ಉಳೀತು?" ಎಂದು ಕೇಳಿದರು. ಹೇಳಿದೆ. ಅವರು ಮತ್ತೇನೂ ಕೇಳದೆ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕುಳಿತರು.

ಇಂಜಿನ್ ಬಿಚ್ಚಿ ಬೇರಿಂಗ್ ಹಾಕಲು ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ಅಪ್ಪ ಬೇರೆಯವರ ಜೀಪಿಗೆ ದಿನಗೂಲಿ ಡ್ರೈವರಾದರು. ನಾನು ಚಾಚಾ ಅವರ ಗ್ಯಾರೇಜಿನಲ್ಲಿ ಸಾಮಾನು ತೊಳೆಯುತ್ತ ಕುಳಿತೆ. ಹೀಗೆ ತಪ್ಪಿಗೆ ದಂಡವೆಂದು ಹಿಡಿದ ಪಾನಾ ಕೈಬಿಡಲೇ ಇಲ್ಲ. ಅದೇ ನನ್ನ ಅನ್ನವಾಯಿತು.

ಆ ಬಗೆಯ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ಇಂದಿನ ಇಂಜಿನ್ನುಗಳೂ ಎಣ್ಣೆಗಳೂ ಬಹಳ ಸುಧಾರಿಸಿವೆ. ಆದರೆ ಬಳಸಿದ ಫಿಲ್ಟರಿನ ಪರೀಕ್ಷೆ ಬದಲಾಗಿಲ್ಲ. ಹೊಸದಿದ್ದಾಗ ಎಲ್ಲ ಫಿಲ್ಟರುಗಳೂ ಚೆಂದವೇ. ಸಾವಿರಾರು ಕಿಲೋಮೀಟರು ಬಿಸಿ ಎಣ್ಣೆಯ ಒತ್ತಡ ತಾಳಿದ ಮೇಲೆ ಮಡಿಕೆ ನೆಟ್ಟಗಿದೆಯೇ, ಅಂಟು ಬಿಟ್ಟಿಲ್ಲವೇ, ರಬ್ಬರು ಮೆತ್ತಗಿದೆಯೇ, ಕಸವನ್ನು ತನ್ನಲ್ಲಿ ಹಿಡಿದಿಟ್ಟಿದೆಯೇ ಎಂದು ನೋಡಬೇಕು. ಕಸ ಹಿಡಿದ ಫಿಲ್ಟರೇ ಒಳ್ಳೆಯ ಫಿಲ್ಟರು. ಪಾಲಕರು ಗಾಡಿಯನ್ನು ಗ್ಯಾರೇಜಿಗೆ ಒಯ್ದಾಗ ಹಳೆಯ ಫಿಲ್ಟರನ್ನು ಕೊಯ್ದು ತೋರಿಸಲು ಕೇಳಬಹುದು. ನಾನಂತೂ ಕೇಳಿದವರಿಗೆಲ್ಲ ತೋರಿಸುತ್ತೇನೆ. ಮಕ್ಕಳು ಮಾತ್ರ ತಾವೇ ಕೊಯ್ಯಲು ಹೋಗಬಾರದು. ತಗಡಿನ ಅಂಚು ಚಾಕುವಿನಂತೆ ಹರಿಯುತ್ತದೆ. ಬಳಸಿದ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ. ಅದನ್ನು ಚರಂಡಿಗಾಗಲಿ ಹೊಲಕ್ಕಾಗಲಿ ಚೆಲ್ಲಲೂ ಬಾರದು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ವ್ಯಾನು ಮತ್ತೆ 5,000 ಕಿಲೋಮೀಟರು ಓಡಿದ ಮೇಲೆ ಎಣ್ಣೆ ಬದಲಿಸುವ ದಿನ ಬಂತು. ಅಪ್ಪ ತಾವೇ ಅಂಗಡಿಗೆ ಹೋಗುವರೆಂದು ನಾನು ತಲೆ ತಗ್ಗಿಸಿ ಕುಳಿತಿದ್ದೆ. ಅವರು ಕಿಸೆಯಿಂದ ಹಣ ತೆಗೆದು ಎಣಿಸಿ ನನ್ನ ಕೈಯಲ್ಲೇ ಇಟ್ಟರು. "ಫಿಲ್ಟರ್ ತಗೊಂಡ್ ಬಾ ಹೋಗು," ಎಂದರು. ತಂದುಕೊಟ್ಟಾಗ ಅವರು ರಸೀದಿ ಕೇಳಲಿಲ್ಲ. ನಾನು ಕೇಳದೆಯೇ ಕೊಟ್ಟೆ.