ಸಿಓ ಎಂಬ ಎರಡಕ್ಷರ

ಮಂಡ್ಯ ಸೀಮೆಯ ರೈತರು ಬಹುಕಾಲ ಬೆಳೆದ ಕಬ್ಬಿನ ತಳಿಗೆ ‘ಸಿಓ 419’ ಎಂದು ಹೆಸರು. ಆ ಎರಡಕ್ಷರ ನಮ್ಮ ಕೊಯಮತ್ತೂರಿನವು ಎಂದು ಅಲ್ಲಿಯ ನಂಟರಿಗೆ ಹೇಳಿದಾಗಲೆಲ್ಲ ಅವರು ನಕ್ಕು, “ಹಾಗಾದರೆ ನಮ್ಮ ಬೆಲ್ಲದಲ್ಲಿ ನಿಮ್ಮೂರಿನ ಪಾಲೂ ಇದೆಯೆನ್ನಿ” ಎನ್ನುವುದುಂಟು.

ಇದೆ. 1912ರಲ್ಲಿ ಇಲ್ಲಿ ಕಬ್ಬಿನ ತಳಿ ಸಂಶೋಧನಾಲಯ ಸ್ಥಾಪಿತವಾಯಿತು. ಉತ್ತರ ಹಿಂದೂಸ್ಥಾನದಲ್ಲಿ ಹೂವನ್ನೇ ಸರಿಯಾಗಿ ಬಿಡದ ಕಬ್ಬು ಈ ಊರಿನ ಹವೆಯಲ್ಲಿ ಸೂಲಂಗಿ ಬಿಟ್ಟು ಬೀಜ ಕಟ್ಟುತ್ತದೆ, ಕಾರಣವಿಷ್ಟೆ. ಬಾರ್ಬರ್ ಮತ್ತು ವೆಂಕಟರಾಮನ್ ಎಂಬ ವಿದ್ವಾಂಸರು ವೆಳ್ಳೈ ಎಂಬ ಸಿಹಿಗಬ್ಬಿಗೆ ಹೊಳೆದಂಡೆಯ ಕಾಡುಕಬ್ಬನ್ನು ಕೂಡಿಸಿ ಪಡೆದ ಸಿಓ 205 ತಳಿಯು 1918ರಲ್ಲಿ ಪಂಜಾಬಿನ ಹೊಲಗಳಿಗೆ ಹೋಯಿತು. ಈ ಕೂಟದಲ್ಲಿ ಒಂದು ವಿಚಿತ್ರವಿದೆ. ಸಿಹಿಗಬ್ಬಿನ ಜೀವಕೋಶದಲ್ಲಿ 80 ವರ್ಣತಂತುಗಳು, ಕೊಯಮತ್ತೂರಿನ ಕಾಡುಕಬ್ಬಿನಲ್ಲಿ 64. ಅರ್ಧರ್ಧ ಸೇರಿದ್ದರೆ ಮಗುವಿಗೆ 72 ಬರಬೇಕಿತ್ತು. ಆದರೆ ತಾಯಿಯು ತನ್ನ 80ನ್ನೂ ಕೊಟ್ಟು, ತಂದೆಯು 32ನ್ನು ಮಾತ್ರ ಕೊಟ್ಟು, ಸಾಮಾನ್ಯವಾಗಿ 112 ಆಗುತ್ತದೆ.

ಇಂಥ ಲೆಕ್ಕದ ನಡುವೆ ಕೆಲಸ ಮಾಡಿದವರು ಜಾನಕಿ ಅಮ್ಮಾಳ್. 1897ರಲ್ಲಿ ತಲಚೇರಿಯಲ್ಲಿ ಜನಿಸಿ, 1931ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು, 1934ರಲ್ಲಿ ಇಲ್ಲಿಗೆ ಬಂದರು. ಮರುವರ್ಷವೇ ಬೆಂಗಳೂರಿನಲ್ಲಿ ರಾಮನ್ನರು ಸ್ಥಾಪಿಸಿದ್ದ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಅವರಿಗೆ ದೊರೆಯಿತು. ಭಾರತದ ಕಬ್ಬಿಗೆ ಸಿಹಿ ತಂದವರೇ ಇವರೆಂದು ಇತ್ತೀಚಿನ ಪತ್ರಿಕೆಗಳು ಬರೆಯುತ್ತಿವೆ. ಭಕ್ತಿ ಸರಿ, ಕಾಲಗಣನೆ ತಪ್ಪು. ಸಿಓ 205 ಹೊರಬಿದ್ದಾಗ ಆಕೆ ಇನ್ನೂ ವಿದ್ಯಾರ್ಥಿನಿ. ಸಿಓ 419 ಕೂಡ 1933ರದು. ಆಕೆಯ ಹಿರಿಮೆಗೆ ಈ ಎರವಲಿನ ಒಡವೆ ಬೇಕಿಲ್ಲ. ಕಬ್ಬಿಗೂ ಮುಸುಕಿನ ಜೋಳಕ್ಕೂ ಸಂಕರ ಸಾಧಿಸಿ 1938ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಿಂದ ರೈತನ ಹೊಲಕ್ಕೆ ಯಾವ ತಳಿಯೂ ಇಳಿಯಲಿಲ್ಲ, ನಿಜ. ಆದರೆ ಅಷ್ಟು ದೂರದ ಬಂಧುಗಳೂ ಕೂಡಬಲ್ಲರೆಂಬುದು ತಿಳಿಯಿತು. ಮುಂದೆ ಇಂಗ್ಲೆಂಡಿಗೆ ಹೋಗಿ, ಡಾರ್ಲಿಂಗ್ಟನ್ನರೊಡನೆ ಬೆಳೆಸಸ್ಯಗಳ ವರ್ಣತಂತುಗಳ ಕೋಶವೊಂದನ್ನು 1945ರಲ್ಲಿ ಹೊರತಂದರು.

ನಮ್ಮ ಸಂಘಕ್ಕೆ ಬರುವ ನೇಕಾರರ ಮನೆಯ ಹುಡುಗಿಯೊಬ್ಬಳು ಅಣು ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿ ಕೆಲಸ ಅರಸುತ್ತಿದ್ದಾಳೆ. ಕಳೆದ ವರ್ಷ ಒಂದು ಅರ್ಜಿಯನ್ನು ತಂದು ತೋರಿಸಿದಳು. ಲೇಖನಗಳೆಷ್ಟು, ಅವುಗಳನ್ನು ಇತರರು ಉಲ್ಲೇಖಿಸಿದ್ದು ಎಷ್ಟು ಸಲ, ಪತ್ರಿಕೆಯ ಪ್ರಭಾವಾಂಕವೆಷ್ಟು ಎಂದು ಮನೆಮನೆಯಾಗಿ ಗೆರೆ ಎಳೆದಿತ್ತು. “ಮೇಷ್ಟ್ರೆ, ಜಾನಕಿ ಅಮ್ಮನವರು ಇದನ್ನು ತುಂಬಿದ್ದರೆ ಕೆಲಸ ಸಿಗುತ್ತಿತ್ತೆ?” ಎಂದಳು.

ಉಲ್ಲೇಖಗಳನ್ನು ಎಣಿಸುವ ಯೋಚನೆಯನ್ನು 1955ರಲ್ಲಿ ಮುಂದಿಟ್ಟವರು ಅಮೆರಿಕದ ಗಾರ್ಫೀಲ್ಡ್. ಒಂದು ಲೇಖನದ ಬೆನ್ನುಹತ್ತಿ ಇನ್ನೊಂದನ್ನು ಹುಡುಕಲು ಓದುಗನಿಗೆ ನೆರವಾಗಲೆಂದು ಹುಟ್ಟಿದ ಸೂಚಿಯದು. ಬರಬರುತ್ತ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. ಅದನ್ನು ನಾನು ಪೂರ್ತಿಯಾಗಿ ಹಳಿಯಲಾರೆ. ಯಾರೂ ಓದದ ಲೇಖನದಿಂದ ವಿದ್ಯೆ ಬೆಳೆಯುವುದಿಲ್ಲ. ಆದರೆ ಕೋಶವನ್ನು ತೆರೆದವನು ತನಗೆ ಬೇಕಾದ ಒಂದು ಅಂಕಿಯನ್ನು ನೋಡಿ ಮುಚ್ಚಿಡುತ್ತಾನೆ. ಸಂಪಾದಕರ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲ. ಇನ್ನು ತಳಿಯ ಮಾತು. ಕೊಯಮತ್ತೂರಿನಿಂದ ಹೋದ ಬೀಜದಿಂದ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಆರಿಸಿದ ಎನ್‌ಸಿಓ 310 ದೇಶದೇಶಗಳಲ್ಲಿ ಬೆಳೆಯಿತು. ಅಲ್ಲಿ ‘ಎನ್’ ನಟಾಲಿನದು, ‘ಸಿಓ’ ನಮ್ಮದು. ಅದಕ್ಕೆ ಯಾವ ಮನೆಯಲ್ಲಿ ಅಂಕಿ ತುಂಬುವುದು?

ಹುಡುಗಿಗೆ ಇಷ್ಟನ್ನೂ ಹೇಳಿದೆ. ಆಕೆಯ ಹೊಟ್ಟೆಪಾಡಿಗೆ ಇದರಿಂದ ಏನೂ ಆಗಲಿಲ್ಲ. ಅರ್ಜಿ ಹೋಯಿತು, ಕರೆ ಬರಲಿಲ್ಲ. ಆಕೆ ಈಗಲೂ ಬೇರೆ ಅರ್ಜಿಗಳನ್ನು ತುಂಬುತ್ತಿದ್ದಾಳೆ. ಇಂದಿನ ಕಬ್ಬೊಂದರ ವಂಶವಾಹಿಯ ಪೂರ್ಣ ಲಿಪಿಯು 2024ರಲ್ಲಷ್ಟೇ ಪ್ರಕಟವಾಯಿತು. ನೂರಕ್ಕೆ ಮೀರಿದ ಆ ವರ್ಣತಂತುಗಳ ಗೊಂದಲವೇ ಇಷ್ಟು ತಡಕ್ಕೆ ಕಾರಣವೆಂದು ವಿವರಿಸಿದವಳೂ ಆಕೆಯೇ.

ಮೊನ್ನೆ ಶನಿವಾರ ಸಂಘದ ಮಕ್ಕಳಿಗೆ ಆಕೆ ಈರುಳ್ಳಿ ಬೇರಿನ ತುದಿಯಲ್ಲಿ ಹದಿನಾರು ವರ್ಣತಂತುಗಳನ್ನು ತೋರಿಸಿ, ಕಬ್ಬಿನ 112ರ ಲೆಕ್ಕವನ್ನೂ ಕನ್ನಡದಲ್ಲಿಯೇ ಹೇಳಿದಳು. ಏಳನೆಯ ತರಗತಿಯ ಹುಡುಗನೊಬ್ಬ ಎದ್ದುನಿಂತು, “ಅಪ್ಪ ಅರ್ಧ ಕೊಟ್ಟರೆ ಅಮ್ಮ ಮಾತ್ರ ಇಡೀ ಗಂಟನ್ನೇ ಏಕೆ ಕೊಡುತ್ತಾಳಕ್ಕಾ?” ಎಂದು ಕೇಳಿದ. ಆಕೆ ಸೀಮೆಸುಣ್ಣ ತೆಗೆದುಕೊಂಡು ಹಲಗೆಯತ್ತ ತಿರುಗಿದಳು. ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು.